ಇಬ್ರಿಯಲ್ಲಿ ತಪ್ಪಿದ ಒಂದು ಪದ

ಸೀಬ್, ಆಮೇಲೆ ರೂವಿ

ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಪೆಟ್ಟಿಗೆಯಿಂದ ಒಣಗಿದ ಪುನರ್ಪುಳಿ ಸಿಪ್ಪೆಯ ಪೊಟ್ಟಣ ಎತ್ತಿ ಹಿಡಿದು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಉಡುಪಿಯ ಹತ್ತಿರದ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಪುನರ್ಪುಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಆವರೆಗೆ ನನಗೆ ಯಾರೂ ಕೇಳಿರಲಿಲ್ಲ. ಹಣ್ಣು ಎಂದೆ. ಯಾವ ಹಣ್ಣು ಎಂದ. ಹುಳಿ ಹಣ್ಣು ಎಂದೆ. ಅವನು ಒಂದು ಚೂರು ಹರಿದು ಬಾಯಿಗಿಟ್ಟುಕೊಂಡ, ಮುಖ ಕಿವುಚಿದ, ಪೊಟ್ಟಣವನ್ನು ಪೆಟ್ಟಿಗೆಯೊಳಗೆ ಹಾಕಿ "ಖಲಾಸ್" ಎಂದ. ಮುಗಿಯಿತು, ಹೋಗು ಎಂದರ್ಥವಂತೆ. ಒಮಾನಿನಲ್ಲಿ ನಾನು ಕಲಿತ ಮೊದಲ ಮಾತು ಅದು.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ ರಜೆ. ನನ್ನ ಅಕ್ಕ ಸುಮತಿ ಮತ್ತು ದಾಮೋದರ ಭಾವ ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಪ್ರತಿ ಸಲ ಊರಿಗೆ ಬಂದಾಗಲೂ ಅಕ್ಕ ಕರೆಯುತ್ತಿದ್ದಳು. ಆ ವರ್ಷ ಹೊರಟೇಬಿಟ್ಟೆ. ಮುಂಬಯಿವರೆಗೆ ಬಸ್ಸು, ಅಲ್ಲಿಂದ ವಿಮಾನ.

ಮೊದಲ ದಿನ ಮಸ್ಕತ್ತಿನ ರೂವಿಯಲ್ಲಿ ಭಾವನ ಸ್ನೇಹಿತರ ಮನೆಯಲ್ಲಿ ಉಳಿದೆವು. ಮಧ್ಯಾಹ್ನ ಅಂಗಡಿಗೆ ಹೊರಟಾಗ ನಾನು ಊರಿನ ಅಭ್ಯಾಸದಂತೆ ಕೊಡೆ ಬಿಡಿಸಿದೆ. ಬಸ್ ನಿಲ್ದಾಣದಲ್ಲಿದ್ದವರೆಲ್ಲ ಮೊದಲು ಕೊಡೆಯನ್ನು, ಆಮೇಲೆ ಆಕಾಶವನ್ನು ನೋಡಿದರು. ಬಟ್ಟೆ ಅಂಗಡಿಯಲ್ಲಿ ನಾನು ಹಿಂದಿಯಲ್ಲಿ ಚೌಕಾಶಿ ಮಾಡಿ ದಣಿದ ಮೇಲೆ ಮಾಲೀಕ, "ತುಳುವಿನಲ್ಲೇ ಹೇಳಿ ಅಕ್ಕ, ನಾನು ಕಾಪುವಿನವ" ಎಂದ. ಪರದೇಶಕ್ಕೆ ಬಂದೆನೆಂಬ ಭಾವನೆ ನನಗೆ ಬಂದದ್ದು ಮರುದಿನ, ಅಕ್ಕನ ಮನೆಯಿದ್ದ ಇಬ್ರಿಯ ದಾರಿಯಲ್ಲಿ.

ಇಬ್ರಿಗೆ

ನಮ್ಮ ಕಡೆ ಬೆಟ್ಟವೆಂದರೆ ಅದಕ್ಕೆ ಮೈಮೇಲೆ ಏನಾದರೂ ಇರುತ್ತದೆ, ಕಡೇಪಕ್ಷ ಮುಳಿಹುಲ್ಲು. ನಿಜ್ವಾ ದಾಟಿದ ಮೇಲೆ ಕಂಡ ಬೆಟ್ಟಗಳು ಬರಿಮೈಯಲ್ಲಿ ನಿಂತಿದ್ದವು. ನಡುವೆ ಒಂದು ಕಡೆ ಒಮಾನಿ ಚಾಲಕ ಗಾಡಿ ನಿಲ್ಲಿಸಿ, ರಸ್ತೆಯ ಬದಿಯಲ್ಲಿ ಚಾಪೆ ಹಾಸಿ ನಮಾಜು ಮಾಡಿದ. ನಾವು ಕಾದೆವು. ಮುಗಿಸಿ ಬಂದವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಖರ್ಜೂರದ ಡಬ್ಬಿ ತೆರೆದು ಮೊದಲು ನನ್ನ ಮುಂದೆ ಹಿಡಿದ. ಕಾದದ್ದಕ್ಕೆ ಅದು ಅವನ ಉಪಚಾರ.

ಭಾವನ ಕಂಪನಿಗೆ ಇಬ್ರಿಯ ಹೊರಗೆ ನೀರು ಸರಬರಾಜಿನ ಪಂಪ್ ಸ್ಟೇಷನ್ ಕಟ್ಟುವ ಕೆಲಸ. ಯಂತ್ರಗಳನ್ನು ಜೋಡಿಸಲು ಬಲ್ಗೇರಿಯಾದಿಂದ ಹನ್ನೆರಡು ಮಂದಿ ಬಂದಿದ್ದರು. ಭಾವ ಸೈಟ್ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಅಕ್ಕನ ಮನೆ ಸಾಲಾಗಿ ನಿಲ್ಲಿಸಿದ ತಗಡಿನ ಕ್ಯಾಬಿನ್‌ಗಳಲ್ಲಿ ಒಂದು. ಅವಳ ಐದು ವರ್ಷದ ಮಗಳು ನಾನು ತುಳುವಿನಲ್ಲಿ ಕೇಳಿದ್ದಕ್ಕೆಲ್ಲ "ಯೆಸ್ ಆಂಟಿ, ನೋ ಆಂಟಿ" ಎಂದು ಉತ್ತರಿಸುತ್ತಿದ್ದಳು.

ಎರಡು ಕ್ಯಾಬಿನ್ ಆಚೆಗೆ ತೋದೊರ್ ಎಂಬ ಬಲ್ಗೇರಿಯನ್ ಫಿಟ್ಟರ್ ಇದ್ದ. ನನ್ನ ತಮ್ಮನ ವಯಸ್ಸಿನವನು. ಏ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಪೈಪಿನಲ್ಲಿ ಹರಿಸಿ, ಬಾಗಿಲ ಪಕ್ಕದಲ್ಲಿ ಟೊಮೇಟೊ ಬೆಳೆದಿದ್ದ. ಆ ಕಲ್ಲುನೆಲದಲ್ಲಿ ಅಷ್ಟು ಕೆಂಪಾದದ್ದು ಬೇರೆ ಏನೂ ಇರಲಿಲ್ಲ. ವಾರಕ್ಕೊಮ್ಮೆ ಅಕ್ಕನಿಗೆ ನಾಲ್ಕು ಹಣ್ಣು ತಂದುಕೊಡುವನು. ಅಕ್ಕ ಸಾರು ಮಾಡಿ ಒಂದು ಪಾತ್ರೆ ಅವನಿಗೂ ಕಳಿಸುವಳು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಕುಡಿದು, ಪಾತ್ರೆ ತೊಳೆದು ತಂದುಕೊಡುತ್ತಿದ್ದ. ಇಬ್ಬರಿಗೂ ಸಮಾನವಾದ ಒಂದೇ ಒಂದು ಭಾಷೆಯೂ ಇರಲಿಲ್ಲ.

ರಾಡ್ಕಾ ಅವರ ಚೀಟಿಗಳು

ನಾನು ಹೋದ ಮೂರನೆಯ ದಿನ ಭಾವನ ಟೈಪಿಸ್ಟ್ ರಜೆಯ ಮೇಲೆ ಊರಿಗೆ ಹೋದ. ಭಾವ ಊಟ ಮಾಡುತ್ತ ಕೇಳಿದರು.

"ವಸಂತಿ, ನಿನಗೆ ಟೈಪಿಂಗ್ ಬರ್ತದಲ್ಲ. ಎರಡು ವಾರ ಆಫೀಸಿಗೆ ಬಂದು ಕೂತ್ಕೊಳ್ತೀಯಾ? ಮನೆಯಲ್ಲಿ ಕೂತು ಬೋರ್ ಆಗ್ತದೆ ನಿನಗೂ. ಆದ್ರೆ ಒಂದು ವಿಷಯ. ನೀನು ವಿಸಿಟ್ ವೀಸಾದಲ್ಲಿ ಬಂದವಳು. ಕೆಲಸ ಮಾಡ್ತಿದ್ದೇನೆ ಅಂತ ಯಾರ ಹತ್ರವೂ ಹೇಳ್ಲಿಕ್ಕಿಲ್ಲ. ಗೊತ್ತಾದ್ರೆ ಕಫೀಲ್ ನನ್ನನ್ನೇ ಮೊದಲು ಮನೆಗೆ ಕಳಿಸ್ತಾನೆ."

ಕಫೀಲ್ ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಒಮಾನಿ ಧಣಿ. ಅವನ ಮರ್ಜಿಯ ಮೇಲೆ ಅಲ್ಲಿಯ ಬದುಕು ನಿಂತಿರುತ್ತದೆ. ನಾನು ಒಪ್ಪಿದೆ.

ಆಫೀಸಿನಲ್ಲಿ ನನ್ನ ಎದುರಿನ ಮೇಜಿನಲ್ಲಿ ರಾಡ್ಕಾ ಎಂಬ ಬಲ್ಗೇರಿಯನ್ ಹೆಂಗಸು ಕುಳಿತಿರುತ್ತಿದ್ದರು. ವಯಸ್ಸು ಐವತ್ತೈದರ ಆಸುಪಾಸು, ಬೆಳ್ಳಗಾದ ಗಿಡ್ಡ ಕೂದಲು. ಕಂಪನಿಯ ಪತ್ರಗಳನ್ನೂ ಯಂತ್ರಗಳ ಇಂಗ್ಲಿಷ್ ಕೈಪಿಡಿಗಳನ್ನೂ ತಮ್ಮವರಿಗಾಗಿ ಬಲ್ಗೇರಿಯನ್ ಭಾಷೆಗೆ ತರುವುದು ಅವರ ಕೆಲಸ. ಮೊದಲ ದಿನ ಚಹಾ ಬೇಕೇ ಎಂದು ಕೇಳಿದೆ. ಅಡ್ಡಡ್ಡ ತಲೆಯಾಡಿಸಿದರು. ನಾನೊಬ್ಬಳೇ ಕುಡಿದೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವರೇ ಮೆಲ್ಲನೆ, "ಟೀಚರ್, ನಮ್ಮ ದೇಶದಲ್ಲಿ ಹೀಗೆ ಆಡಿಸಿದರೆ ಹೌದು ಅಂತ" ಎಂದರು. ಇಲ್ಲವೆನ್ನಲು ಅವರು ತಲೆಯನ್ನು ಮೇಲೆ ಕೆಳಗೆ ಮಾಡುತ್ತಾರಂತೆ. ನಮ್ಮವರು ಓಲಾಡಿಸುವ ತಲೆಯ ಅರ್ಥ ಮಾತ್ರ ಅವರಿಗೆ ಕೊನೆಯವರೆಗೂ ಹತ್ತಲಿಲ್ಲ.

ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ತೊಡಕಾಗುತ್ತಿದ್ದದ್ದು ನಮ್ಮ ಇಂಗ್ಲಿಷ್. ಭಾವ ಒಬ್ಬ ವೆಲ್ಡರನ ರಜೆ 'ಸ್ಯಾಂಕ್ಷನ್' ಆಗಿದೆ ಎಂದು ಬರೆದಿದ್ದರು. ಬಲ್ಗೇರಿಯನ್ ಭಾಷೆಯಲ್ಲಿ ಆ ಪದಕ್ಕೆ ದಂಡನೆ ಎಂದೇ ಅರ್ಥ. ರಜೆ ಕೇಳಿದ್ದಕ್ಕೆ ಶಿಕ್ಷೆಯಾಯಿತೆಂದು ಆ ಮನುಷ್ಯ ಎರಡು ದಿನ ಊಟ ಬಿಟ್ಟು ಕುಳಿತಿದ್ದನಂತೆ. "ಅಂದಿನಿಂದ, ಕೇಳಲು ಒಂದೇ ತರಹ ಇರುವ ಪದಗಳನ್ನು ನಾನು ನಂಬುವುದಿಲ್ಲ" ಎಂದು ರಾಡ್ಕಾ ಹೇಳಿದರು.

ಅವರ ಬಳಿ ಒಂದು ಚಪ್ಪಲಿ ಡಬ್ಬಿಯ ತುಂಬ ಚೀಟಿಗಳಿದ್ದವು. ಒಂದೊಂದರಲ್ಲೂ ಒಂದು ಇಂಗ್ಲಿಷ್ ಪದ, ಅದರ ಕೆಳಗೆ ನಿಘಂಟಿನ ಬಲ್ಗೇರಿಯನ್ ಪದ, ಅದರ ಕೆಳಗೆ ಫಿಟ್ಟರುಗಳು ಆಡುವ ಪದ. ತಿರುಗಿಸಿ ಬಿಗಿ ಮಾಡುವ ಸ್ಕ್ರೂ ಪಾನಾಕ್ಕೆ ಅವರ ಕೆಲಸಗಾರರು 'ಫ್ರೆಂಚ್ ಕೀಲಿಕೈ' ಎನ್ನುತ್ತಾರಂತೆ. ಅದೇಕೆ ಫ್ರೆಂಚರದ್ದು ಎಂದು ಯಾರಿಗೂ ಗೊತ್ತಿಲ್ಲ.

"ಯಂತ್ರದ ಪದಗಳಾದರೂ ಹೇಗೋ ಸಿಗುತ್ತವೆ, ವ್ಯಾಪಾರದ್ದೇ ಕಷ್ಟ" ಎಂದು ಒಂದು ದಿನ ಹೇಳಿದರು. "ನಲವತ್ತು ವರ್ಷ ನಮ್ಮಲ್ಲಿ ಎಲ್ಲವನ್ನೂ ಸರ್ಕಾರವೇ ಮಾರಿತು. ಗ್ರಾಹಕರ ಮನವೊಲಿಸುವ ಅಗತ್ಯವೇ ಇರಲಿಲ್ಲ. ಹಾಗಾಗಿ ಅದಕ್ಕೆ ಪದಗಳೂ ಇಲ್ಲ. ಈಗ ಸರ್ಕಾರ ಬದಲಾಗಿದೆ. ಇಂಗ್ಲಿಷ್ ಪದವನ್ನೇ ನಮ್ಮ ಲಿಪಿಯಲ್ಲಿ ಬರೆದುಬಿಡು ಅನ್ನುತ್ತಾರೆ ನಮ್ಮ ರಾಜಧಾನಿ ಸೋಫಿಯಾದಲ್ಲಿರುವ ಮೇಲಧಿಕಾರಿ. ಬರೆಯಬಹುದು. ಆದರೆ ಓದುವವನಿಗೆ ಏನು ತಿಳಿಯಬೇಕು?"

ನಮ್ಮಲ್ಲೂ ಹಾಗೇ ಎಂದೆ. ಟ್ರಾನ್ಸ್‌ಫಾರ್ಮರಿಗೆ ಪತ್ರಿಕೆಯವರು ವಿದ್ಯುತ್ ಪರಿವರ್ತಕ ಎಂದು ಬರೆಯುತ್ತಾರೆ, ಲೈನ್‌ಮನ್ ಟಿ.ಸಿ. ಎನ್ನುತ್ತಾನೆ, ಊರವರು ಡಬ್ಬ ಎನ್ನುತ್ತಾರೆ. ರಾಡ್ಕಾ ನಗಲಿಲ್ಲ. ಮೂರನ್ನೂ ನನ್ನಿಂದ ಹೇಳಿಸಿ ಬರೆದುಕೊಂಡರು. ಯಾವಾಗ ಬೇಕಾಗುತ್ತದೋ ಗೊತ್ತಿಲ್ಲ ಎಂದರು.

ಒಂದು ಸೋಮವಾರ

ಆ ಸೋಮವಾರ ಮಸ್ಕತ್ತಿಗೆ ಹೋಗುವ ಗಾಡಿ ಬಾಗಿಲಲ್ಲಿ ನಿಂತಿತ್ತು. ಅದರಲ್ಲಿ ಕಳಿಸಬೇಕಾದ ಪತ್ರವನ್ನು ನಾನು ಟೈಪ್ ಮಾಡುತ್ತಿದ್ದೆ. ಭಾವ ಹಿಂದೆಯೇ ನಿಂತು, "ಬೇಗ, ಬೇಗ, ಅವ ಹೊರಟ್ರೆ ಆಯ್ತು" ಎನ್ನುತ್ತಿದ್ದರು.

ಎದುರಿನಿಂದ ರಾಡ್ಕಾ ಕೇಳಿದರು. "ಟೀಚರ್, ಈವೆಂಚುವಲಿ ಎಂದರೆ? ಮುಂದೆ ಯಾವಾಗಲೋ ಆಗಬಹುದಾದದ್ದು ಅಲ್ಲವೇ? ನಮ್ಮಲ್ಲೂ ಎವೆಂಟುವಾಲ್ನೊ ಅಂತ ಒಂದು ಪದವಿದೆ. ಊರಿನಿಂದ ಬರಬೇಕಾದ ದೊಡ್ಡ ನಿಘಂಟು ಇನ್ನೂ ಹಡಗಿನಲ್ಲೇ ಇದೆ, ಅದಕ್ಕೇ ಕೇಳಿದೆ."

ನಾನು ತಲೆಯೆತ್ತಲಿಲ್ಲ. "ಹೌದು ಹೌದು, ಮುಂದೆ ಯಾವಾಗಲಾದರೂ" ಎಂದೆ. ಬೆರಳು ಕೀಲಿಗಳ ಮೇಲೆ ಓಡುತ್ತಲೇ ಇತ್ತು. ಅವರು ಥ್ಯಾಂಕ್ಸ್ ಎಂದರು. ನನ್ನ ಪತ್ರ ಗಾಡಿಗೆ ಸಿಕ್ಕಿತು. ಭಾವನಿಗೆ ಸಮಾಧಾನವಾಯಿತು.

ಆ ಪದ ಯಾವ ವಾಕ್ಯದಲ್ಲಿದೆ ಎಂದು ನಾನು ಕೇಳಲಿಲ್ಲ. ಶಾಲೆಯಲ್ಲಿ ಮಕ್ಕಳು ಹೀಗೆ ಬಿಡಿಪದ ಹಿಡಿದುಕೊಂಡು ಬಂದರೆ, ಪುಸ್ತಕ ತೋರಿಸು ಎಂದು ಗದರುವವಳು ನಾನು.

ಒಂಬತ್ತು ದಿನದ ಮೇಲೆ ಬೆಳಿಗ್ಗೆ ಹತ್ತರ ಹೊತ್ತಿಗೆ ಪಂಪ್ ಸ್ಟೇಷನ್ನಿನ ಕಡೆಯಿಂದ ಜನ ಓಡಿಬರುವುದು ಕಾಣಿಸಿತು. ಒಂದು ಟ್ಯಾಂಕಿನ ಪರೀಕ್ಷೆ ನಡೆದಿತ್ತಂತೆ. ನೀರು ಹೊರಗೆ ಹೋಗುವ ವಾಲ್ವ್ ಮುಚ್ಚಿ ಪಂಪು ನಡೆಸುತ್ತ, ತೋದೊರ್ ಒಂದು ಸೋರಿಕೆಯನ್ನು ಹುಡುಕುತ್ತಿದ್ದ. ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒತ್ತಡ ತಾಳದೆ ಒಡೆದಿತ್ತು. ಅವನ ಮುಖ ಅದರಿಂದ ಒಂದು ಮೊಳ ದೂರದಲ್ಲಿತ್ತು.

ಪಿಕಪ್ಪಿನ ಹಿಂದೆ ಮಲಗಿಸಿ ಒಯ್ಯುವಾಗ ನಾನು ನೋಡಿದೆ. ಯಾರದೋ ಬನಿಯನ್ನನ್ನು ಎರಡೂ ಕಣ್ಣಿನ ಮೇಲೆ ಒತ್ತಿ ಹಿಡಿದಿದ್ದರು. ಅವನು ಕಿರುಚುತ್ತಿರಲಿಲ್ಲ. ಏನನ್ನೋ ಮತ್ತೆ ಮತ್ತೆ ಕೇಳುತ್ತಿದ್ದ. ರಾಡ್ಕಾ ಪಕ್ಕದಲ್ಲಿ ಮಂಡಿಯೂರಿ ಕುಳಿತು ಅದಕ್ಕೆ ಮತ್ತೆ ಮತ್ತೆ ಉತ್ತರಿಸುತ್ತಿದ್ದರು.

ಎರಡು ಹಾಳೆಗಳು

ಮರುದಿನ ಬಲ್ಗೇರಿಯನ್ ಫೋರ್‌ಮನ್ ತನ್ನ ವರದಿ ಬರೆದುಕೊಟ್ಟ. ವಾಲ್ವ್ ಮುಚ್ಚಿ ಪಂಪು ನಡೆಸಿದ್ದು ತೋದೊರನ ಅಜಾಗರೂಕತೆ, ತಪ್ಪು ಅವನದೇ. ಅದನ್ನು ಇಂಗ್ಲಿಷಿಗೆ ತರಬೇಕಾದವರು ರಾಡ್ಕಾ. ಅವರು ವರದಿಯನ್ನು ಪಕ್ಕಕ್ಕಿಟ್ಟು ಪಂಪ್ ಸ್ಟೇಷನ್ನಿಗೆ ಹೋದರು. ಗೋಡೆಗೆ ಅಂಟಿಸಿದ್ದ ಸೂಚನೆಯ ಹಾಳೆಯನ್ನು ಬಿಡಿಸಿ ತಂದರು. ಅದು ಅವರದೇ ಅನುವಾದ. ಭಾವನ ಕಪಾಟಿನಿಂದ ಇಂಗ್ಲಿಷ್ ಮೂಲವನ್ನು ತೆಗೆಸಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಟೀಚರ್, ಈ ಸಾಲು ಓದಿ."

ಓದಿದೆ. ಹೊರಗಿನ ವಾಲ್ವ್ ಮುಚ್ಚಿಟ್ಟು ಪಂಪು ನಡೆಸಿದರೆ ಟ್ಯಾಂಕಿನ ಒತ್ತಡ ಈವೆಂಚುವಲಿ ಮಿತಿಯನ್ನು ಮೀರುತ್ತದೆ ಎಂದಿತ್ತು. ಅಂದರೆ ಸ್ವಲ್ಪ ಹೊತ್ತಾಗಬಹುದು, ಆದರೆ ಕೊನೆಗೆ ಮೀರಿಯೇ ತೀರುತ್ತದೆ.

"ಇದರಲ್ಲಿ ಏನಿದೆ?" ಎಂದು ಬಲ್ಗೇರಿಯನ್ ಹಾಳೆಯನ್ನು ತೋರಿಸಿ ಕೇಳಿದೆ.

"ಒತ್ತಡ ಮಿತಿಯನ್ನು ಮೀರಿದರೂ ಮೀರಬಹುದು ಅಂತಿದೆ. ನಮ್ಮ ಎವೆಂಟುವಾಲ್ನೊಗೆ ಬಹುಶಃ ಎಂದರ್ಥ. ಆದರೂ ಆಗಬಹುದು, ಆಗದೆಯೂ ಇರಬಹುದು."

ತೋದೊರ್ ಆ ಹಾಳೆಯನ್ನು ಓದಿಯೇ ಕೆಲಸಕ್ಕೆ ಇಳಿದಿದ್ದ. ಬಹುಶಃ ಎಂಬ ಮಾತಿನ ಭರವಸೆಯ ಮೇಲೆ ಗಾಜಿನ ಹತ್ತಿರ ಮುಖವಿಟ್ಟಿದ್ದ.

ಬೇರೆ ಬಲ್ಗೇರಿಯನ್ನರಿಗೆ ಇಂಗ್ಲಿಷ್ ಬಾರದು, ಮಿಕ್ಕವರಿಗೆ ಬಲ್ಗೇರಿಯನ್ ಬಾರದು. ಎರಡು ಹಾಳೆಗಳ ನಡುವಿನ ವ್ಯತ್ಯಾಸ ಆ ಇಡೀ ಸೈಟಿನಲ್ಲಿ ಕಾಣುತ್ತಿದ್ದದ್ದು ರಾಡ್ಕಾ ಒಬ್ಬರಿಗೆ. ಹಾಳೆಯನ್ನು ಹರಿದು ಹೊಸದನ್ನು ಅಂಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂತು. ಅವರಿಗೆ ಬಂತೋ ಇಲ್ಲವೋ ಗೊತ್ತಿಲ್ಲ. ಅವರು ಆಗಲೇ ಬರೆಯಲು ಕುಳಿತಿದ್ದರು.

ಬರೆದದ್ದು ಮೂರೇ ವಾಕ್ಯ. ಈ ಪದವನ್ನು ನಾನು ತಪ್ಪಾಗಿ ಅನುವಾದಿಸಿದ್ದೇನೆ. ಹಾಳೆಯಲ್ಲಿದ್ದದ್ದನ್ನು ನಂಬಿ ತೋದೊರ್ ಕೆಲಸ ಮಾಡಿದ್ದಾನೆ. ತಪ್ಪು ಅವನದಲ್ಲ, ನನ್ನದು.

ನಾನು ಓದಿ, "ಅಚಾತುರ್ಯದಿಂದ ಎಂದು ಒಂದು ಪದ ಸೇರಿಸಿದರೆ ಹೇಗೆ?" ಎಂದೆ.

"ಅದನ್ನು ಬಲ್ಗೇರಿಯನ್‌ಗೆ ತಂದರೆ ತಪ್ಪು ನನ್ನದಲ್ಲ ಅಂತಲೇ ಕೇಳಿಸುತ್ತದೆ. ಬೇಡ."

"ಹಾಗಾದರೆ ನನ್ನ ಹೆಸರನ್ನೂ ಬರೆಯಿರಿ. ನೀವು ನನ್ನನ್ನು ಕೇಳಿದ್ದಿರಿ. ನಾನು ಹೌದು ಎಂದಿದ್ದೆ."

ರಾಡ್ಕಾ ನನ್ನನ್ನು ನೋಡಿದರು. ಅವರಿಗೆ ಅದು ಚೆನ್ನಾಗಿಯೇ ನೆನಪಿತ್ತು. "ಹಾಳೆಯ ಕೆಳಗಿನ ಸಹಿ ನನ್ನದು" ಎಂದಷ್ಟೇ ಹೇಳಿ ಪ್ರಾಜೆಕ್ಟ್ ಮ್ಯಾನೇಜರರ ಕೋಣೆಗೆ ಹೋದರು.

ಸಂಜೆ ಮನೆಯಲ್ಲಿ ಭಾವನಿಗೆ ಎಲ್ಲವನ್ನೂ ಹೇಳಿದೆ.

"ವಸಂತಿ, ಒತ್ತಡ ಹೆಚ್ಚಾದ್ರೆ ತನ್ನಷ್ಟಕ್ಕೇ ತೆರೆಯುವ ವಾಲ್ವ್ ಒಂದು ಉಂಟು. ಅದನ್ನು ಇನ್ನೂ ಹಾಕಿಯೇ ಇರ್ಲಿಲ್ಲ. ಅದು ಕಂಪನಿಯ ತಪ್ಪು. ಎಲ್ಲ ಒಂದು ಪದದಿಂದ ಆದದ್ದಲ್ಲ."

"ಪದದಿಂದಲೂ ಆಯ್ತಲ್ಲ ಭಾವ."

"ಆಯ್ತು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ನಿನ್ನ ಹೆಸರು ಕಾಗದದಲ್ಲಿ ಬಂದ್ರೆ ನೀನು ಯಾಕೆ ಅಲ್ಲಿ ಕೂತಿದ್ದೆ ಅಂತ ಕೇಳ್ತಾರೆ. ನನ್ನ ಹನ್ನೊಂದು ವರ್ಷ ಹೋಯ್ತು ಅಲ್ಲಿಗೆ. ಕೂತ್ಕೋ ಅಂತ ಹೇಳಿದ್ದು ನಾನೇ, ತಪ್ಪು ನನ್ನದೇ ಅಂತ ಇಟ್ಕೋ."

ಅಕ್ಕ ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತಿರುಗದೆಯೇ ಹೇಳಿದಳು. "ಕಾಗದಕ್ಕೆ ಹೇಳಿ ಎಂತ ಆಗ್ಬೇಕು? ಕಣ್ಣು ಹೋದದ್ದು ಕಾಗದದ್ದಾ? ಹೇಳ್ಬೇಕಾದ್ದು ಆ ಹುಡುಗನಿಗೆ. ಅವನಿಗೆ ಹೇಳಿ ಬಾ."

ರಾಡ್ಕಾ ಅವರ ಮೂರು ವಾಕ್ಯಗಳಿಂದ ಕೆಲವು ಸಂಗತಿಗಳು ಆದವು. ಮೂರು ದಿನ ಕೆಲಸ ನಿಂತಿತು. ಆ ವಾಲ್ವನ್ನು ಹಾಕಿದರು. ತೋದೊರನ ಹೆಸರಿನ ಮುಂದೆ ಬರೆದಿದ್ದ ಅಜಾಗರೂಕತೆ ಎಂಬುದನ್ನು ಹೊಡೆದುಹಾಕಿದರು. ರಾಡ್ಕಾ ಅವರನ್ನು ಅನುವಾದದಿಂದ ತೆಗೆದು, ಮಸ್ಕತ್ತಿನ ಆಸ್ಪತ್ರೆಗೆ ಸಾಗಿಸಿದ್ದ ತೋದೊರನ ಜೊತೆಗಿರಲು ಕಳಿಸಿದರು. ಅವನು ಊರಿಗೆ ಹೋಗುವ ದಿನವೇ ಅವರೂ ಹೋಗತಕ್ಕದ್ದು ಎಂದಾಯಿತು. ಚಪ್ಪಲಿ ಡಬ್ಬಿಯನ್ನು ಮುಂದೆ ಬರುವ ಅನುವಾದಕರಿಗೆಂದು ಮೇಜಿನ ಮೇಲೆಯೇ ಬಿಟ್ಟುಹೋದರು. ಹೋಗುವ ಮೊದಲು ಅದರಲ್ಲಿ ಒಂದು ಹೊಸ ಚೀಟಿ ಸೇರಿಸಿದ್ದು ನನಗೆ ಗೊತ್ತು. ನಾನು ಅದನ್ನು ತೆಗೆದು ನೋಡಲಿಲ್ಲ.

ಅಕ್ಕ ದಿನಾ ಸಂಜೆ ಟೊಮೇಟೊ ಗಿಡಗಳನ್ನು ನೋಡಿಕೊಳ್ಳುತ್ತಿದ್ದಳು. ಆ ಕ್ಯಾಬಿನ್ನಿನ ಏ.ಸಿ. ನಿಂತುದರಿಂದ ಕೊಡದಲ್ಲಿ ನೀರು ಹೊರಬೇಕಾಗುತ್ತಿತ್ತು.

ಮಸ್ಕತ್, ಹೊರಡುವ ದಿನ

ನನ್ನ ವಿಮಾನವಿದ್ದದ್ದು ಸಂಜೆಗೆ. ಬೆಳಿಗ್ಗೆಯೇ ಭಾವ ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರು. ತಾವೂ ಒಳಗೆ ಬರುವವರಂತೆ ಎರಡು ಹೆಜ್ಜೆ ಇಟ್ಟು, "ನೀನೇ ಹೋಗು, ನಾನು ಇಲ್ಲಿ ನಿಲ್ತೇನೆ" ಎಂದರು.

ತೋದೊರನ ಎರಡೂ ಕಣ್ಣಿಗೆ ಪಟ್ಟಿ ಇತ್ತು. ಕುರ್ಚಿಯಲ್ಲಿ ಕುಳಿತಿದ್ದ ರಾಡ್ಕಾ ಮೊದಲಿಗಿಂತ ಸಣ್ಣಗೆ ಕಂಡರು. ನಾನು ಹೇಳಬೇಕಾದ್ದನ್ನು ಹೇಳಿದೆ. ಇವರು ನನ್ನನ್ನು ಆ ಪದದ ಅರ್ಥ ಕೇಳಿದ್ದರು, ನಾನು ನೋಡದೆ ಉತ್ತರ ಕೊಟ್ಟೆ, ನಾನು ಇಂಗ್ಲಿಷ್ ಟೀಚರ್, ನನಗೆ ಅದರ ಅರ್ಥ ಗೊತ್ತಿತ್ತು.

ರಾಡ್ಕಾ ಅವರ ಕಡೆಗೆ ತಿರುಗಿದೆ.

"ದಯವಿಟ್ಟು ಇದನ್ನು ಹೇಳಿ, ಪೂರ್ತಿಯಾಗಿ" ಎಂದೆ.

ಹೇಳಿದರು. ನನಗೆ ಆ ಭಾಷೆ ಬಾರದು. ಆದರೂ ಏನನ್ನೂ ಬಿಟ್ಟಿಲ್ಲ, ಏನನ್ನೂ ಸೇರಿಸಿಲ್ಲ ಎಂದು ಅವರ ದನಿಯಿಂದಲೇ ತಿಳಿಯುತ್ತಿತ್ತು. ತೋದೊರ್ ನನ್ನ ಕಡೆಗೆ ಮುಖ ಮಾಡಿ ಮಲಗಿದ್ದ. ಮೆಲ್ಲನೆ ಒಂದು ಮಾತು ಹೇಳಿದ.

"ಏನಂದ?"

"ಮುಂದೆ ಯಾರಾದರೂ ಕೇಳಿದರೆ ಇಡೀ ವಾಕ್ಯ ಓದಲು ಹೇಳು ಅಂದ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ಅದನ್ನು ಕೇಳಲು ನಾನೂ ಬಂದಿರಲಿಲ್ಲ ಎಂದುಕೊಂಡಿದ್ದೆ. ಆದರೆ ಆ ಮಾತು ಬಾರದಿದ್ದಾಗ, ಬಂದಿದ್ದೆ ಎಂದು ಗೊತ್ತಾಯಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಈಜಿಪ್ಟಿನವರು, ಮೃದುವಾಗಿ ಮಾತಾಡುವವರು. ಬಲಗಣ್ಣು ಉಳಿದಿದೆ, ನಾಳೆ ಪಟ್ಟಿ ಬಿಚ್ಚುತ್ತೇವೆ ಎಂದರು. ಎಡಗಣ್ಣಿನ ವಿಷಯಕ್ಕೆ ಬಂದಾಗ ಕೈಯಲ್ಲಿದ್ದ ಕಾಗದವನ್ನು ನೋಡುತ್ತ, "ದೃಷ್ಟಿ ಮರಳುವ ಸಾಧ್ಯತೆ ಅಷ್ಟಾಗಿ ಕಾಣುವುದಿಲ್ಲ, ನೋಡೋಣ" ಎಂದರು.

ರಾಡ್ಕಾ ಕುರ್ಚಿಯಿಂದ ಎದ್ದು ನಿಂತರು. "ಡಾಕ್ಟರ್, ಸ್ವಲ್ಪ ಸಾಧ್ಯತೆ ಇದೆಯೋ, ಇಲ್ಲವೇ ಇಲ್ಲವೋ? ನಾನು ಇವನಿಗೆ ಎರಡರಲ್ಲಿ ಒಂದನ್ನು ಹೇಳಬೇಕು."

ಡಾಕ್ಟರು ಅವರನ್ನು ನೋಡಿದರು, ಮಲಗಿದವನನ್ನು ನೋಡಿದರು. "ಇಲ್ಲ" ಎಂದರು.

ರಾಡ್ಕಾ ಮಂಚದ ಅಂಚಿನಲ್ಲಿ ಕುಳಿತು, ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಹೇಳಿದರು. ಬಹಳ ಚಿಕ್ಕ ವಾಕ್ಯ. ತೋದೊರನ ಎದೆ ಒಮ್ಮೆ ಮೇಲೆದ್ದು ಇಳಿಯಿತು. ಆಮೇಲೆ ಅವನು ಏನೋ ಕೇಳಿದ. ರಾಡ್ಕಾ ಡಾಕ್ಟರ ಕಡೆಗೆ ತಿರುಗಿದರು.

"ನಾಳೆ ಎಷ್ಟು ಗಂಟೆಗೆ ಬಿಚ್ಚುತ್ತೀರಿ ಎಂದು ಕೇಳುತ್ತಿದ್ದಾನೆ."

"ಹತ್ತಕ್ಕೆ."

ರಾಡ್ಕಾ ಅದನ್ನೂ ಅವನಿಗೆ ಹೇಳಿದರು.